ಸಾಕುವ ಮನೆಗೂ ದಾಸೋಹ

ಬಸವಣ್ಣನವರ ಬಾಲ್ಯವನ್ನು ಕುರಿತು ಪೂರ್ವಕವಿಗಳಲ್ಲಿ ಒಮ್ಮತವಿಲ್ಲ. ಪುರಾಣಕಾರರು ಬಾಗೇವಾಡಿಯಲ್ಲಿ ಮಾದರಸ ಮಾದಲಾಂಬಿಕೆಯರ ಮಡಿಲಲ್ಲಿ ಬೆಳೆದ ಬಾಲಕನನ್ನೂ, ಉಪನಯನವನ್ನೊಲ್ಲದೆ ಮನೆಯನ್ನು ತೊರೆದು ಹೊರಟ ವಟುವನ್ನೂ ಚಿತ್ರಿಸುತ್ತಾರೆ. ಕಾಲದಲ್ಲಿ ಬಸವಣ್ಣನವರಿಗೆ ಸಮೀಪನಾದ ಹರಿಹರನು ‘ಬಸವರಾಜದೇವರ ರಗಳೆ’ಯಲ್ಲಿ ಬೇರೊಂದು ಮಾತನ್ನು ಹೇಳುತ್ತಾನೆ. ಎಳವೆಯಲ್ಲಿಯೇ ತಾಯಿತಂದೆಗಳು ಇಲ್ಲವಾಗಿ, ಆ ಶಿಶು ಅಜ್ಜಿಯ ಆರೈಕೆಯಲ್ಲಿ ಬೆಳೆಯಿತೆಂಬುದೇ ಆ ಮಾತು. ಇವೆರಡರಲ್ಲಿ ಇತಿಹಾಸ ಯಾವುದೆಂಬ ವಿಚಾರವನ್ನು ಪಂಡಿತರು ನೋಡಿಕೊಳ್ಳಲಿ. ಗೃಹಸ್ಥನಾದ ಭಕ್ತನಿಗೆ ಇಲ್ಲಿ ಬೇರೆಯದೊಂದು ಸಂಗತಿ ಮುಖ್ಯವಾಗುತ್ತದೆ. ಮಹಾಪುರುಷನೊಬ್ಬನು ಹೆತ್ತವರಿಲ್ಲದೆ ಬೆಳೆದನೆಂದು ಬರೆಯುವುದರಲ್ಲಿ ಹರಿಹರನಿಗೆ ಯಾವ ಕೊರತೆಯೂ ತೋರಲಿಲ್ಲ. ಆದರೆ ಮಗುವನ್ನು ಎಂಟು ನೂರು ವರ್ಷ ನೆನೆದ ಜನ, ಅನ್ನವಿಟ್ಟು ಮೈ ತೊಳೆದು ಬೆಳೆಸಿದ ಆ ಮುದುಕಿಯನ್ನು ನೆನೆದದ್ದು ತೀರ ಕಡಿಮೆ.

ಈ ಮರೆವು ಹಳೆಯ ಕಾಲಕ್ಕೆ ಮಾತ್ರ ಸೇರಿದ್ದಲ್ಲ. ಗದಗಿನ ಪುಟ್ಟರಾಜ ಗವಾಯಿಗಳನ್ನು (1914–2010) ಅರಿಯದ ಮನೆ ಕನ್ನಡನಾಡಿನಲ್ಲಿ ವಿರಳ. ಕಣ್ಣಿನ ಬೆಳಕನ್ನೂ ಹೆತ್ತವರನ್ನೂ ಎಳೆತನದಲ್ಲಿಯೇ ಕಳೆದುಕೊಂಡ ಆ ಬಾಲಕನಿಗೆ ಪಂಚಾಕ್ಷರ ಗವಾಯಿಗಳು ಗುರುವಾದರು, ವೀರೇಶ್ವರ ಪುಣ್ಯಾಶ್ರಮವು ಮನೆಯಾಯಿತು. ಅದಕ್ಕೂ ಮುಂಚೆ ಕೂಸನ್ನು ತನ್ನ ಮನೆಗೆ ಕರೆದೊಯ್ದು ಸಾಕಿದಾತ ಸೋದರಮಾವ. ಗುರುವಿನ ಮಹಿಮೆಯನ್ನು ಹೇಳುವ ಪುರವಂತರೂ ಸೋದರಮಾವನ ಮನೆಯ ಬಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆದರೆ ಆ ಮನೆಯಿಲ್ಲದಿದ್ದಲ್ಲಿ ಗುರುವಿನ ಕೈಗೆ ಸೇರಲು ಶಿಷ್ಯನೇ ಉಳಿಯುತ್ತಿರಲಿಲ್ಲವಷ್ಟೆ.

ಹೆತ್ತವರ ಆಸರೆ ತಪ್ಪಿದ ಮಕ್ಕಳು ಎಲ್ಲ ಕಾಲದಲ್ಲಿಯೂ ಇದ್ದಾರೆ. 2020 ಮತ್ತು 2021ನೆಯ ವರ್ಷಗಳ ಕೋವಿಡ್ ಮಹಾಮಾರಿಯು ಅಂಥ ಮಕ್ಕಳನ್ನು ಅನೇಕ ಊರುಗಳಲ್ಲಿ ಬಿಟ್ಟುಹೋಯಿತು. ಆಗ ಕರ್ನಾಟಕ ಸರ್ಕಾರವು ಬಾಲಸೇವಾ ಯೋಜನೆಯನ್ನು ಸಾರಿ, ಹೆತ್ತವರಿಬ್ಬರನ್ನೂ ಕಳೆದುಕೊಂಡ ಮಗುವನ್ನು ಸಾಕುವವರಿಗೆ ತಿಂಗಳಿಗೆ 3,500 ರೂಪಾಯಿಗಳನ್ನು ಕೊಡುವುದಾಗಿ ಪ್ರಕಟಿಸಿತು. ಮಹಾಮಾರಿಯೊಂದೇ ಕಾರಣವೆನ್ನುವಂತಿಲ್ಲ. ತಂದೆಯ ಕುಡಿತ, ತಾಯಿಯ ದೀರ್ಘವ್ಯಾಧಿ, ಸೆರೆವಾಸ, ಹೊಟ್ಟೆಪಾಡಿಗಾಗಿ ದೂರದ ಊರಿಗೆ ಹೋದವರು ಹಿಂದಿರುಗದೆ ಉಳಿಯುವುದು, ಇವೆಲ್ಲವೂ ಹೆತ್ತವರು ಬದುಕಿರುವಾಗಲೇ ಮಗುವನ್ನು ಬೇರೆ ಹೊಸ್ತಿಲಿಗೆ ತಂದು ನಿಲ್ಲಿಸುತ್ತವೆ. ಅಂಥ ಮಗುವನ್ನು ಒಳಕ್ಕೆ ಕರೆದುಕೊಳ್ಳುವವರು ಬಹುಮಟ್ಟಿಗೆ ಸಿರಿವಂತರಲ್ಲ. ಎಪ್ಪತ್ತು ದಾಟಿದ ಅಜ್ಜಿ, ತನ್ನವೇ ಮೂರು ಮಕ್ಕಳುಳ್ಳ ಚಿಕ್ಕಮ್ಮ, ಮದುವೆಯನ್ನು ಮುಂದಕ್ಕೆ ಹಾಕಿದ ಅಕ್ಕ, ಒಮ್ಮೊಮ್ಮೆ ರಕ್ತಸಂಬಂಧವೇ ಇಲ್ಲದ ನೆರೆಮನೆಯ ದಂಪತಿ, ಇಂಥವರೇ ಹೆಚ್ಚು.

ಶಾಸನದಲ್ಲಿ ಇದಕ್ಕೆ ಸ್ಥಾನವುಂಟು. 2015ರ ಬಾಲನ್ಯಾಯ ಕಾಯಿದೆಯು 2016ರ ಜನವರಿ 15ರಿಂದ ಜಾರಿಗೆ ಬಂದಿತು. ಅದರ 44ನೆಯ ಪ್ರಕರಣವು ಹೇಳುವ ಏರ್ಪಾಡಿಗೆ ಕನ್ನಡದಲ್ಲಿ ಪೋಷಕತ್ವವೆಂಬ ಹೆಸರು ಬಳಕೆಗೆ ಬಂದಿದೆ. ಮಗುವನ್ನು ಯಾವ ಮನೆಯಲ್ಲಿರಿಸಬೇಕೆಂದು ನಿಶ್ಚಯಿಸತಕ್ಕದ್ದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಒಡಹುಟ್ಟಿದವರನ್ನು ಸಾಧ್ಯವಾದಮಟ್ಟಿಗೆ ಒಂದೇ ಮನೆಯಲ್ಲಿರಿಸಬೇಕು. ಸಮಿತಿಯು ತಿಂಗಳಿಗೊಮ್ಮೆ ಮಗುವಿನ ಕ್ಷೇಮವನ್ನು ಪರಿಶೀಲಿಸಬೇಕು. ಮಗುವಿನ ಹಿತಕ್ಕೆ ಬಾಧಕವಲ್ಲವಾದರೆ ಹೆತ್ತವರು ಬಂದು ನೋಡಿಹೋಗಬಹುದು, ಅವರು ಸಾಕಲು ಶಕ್ತರಾದಾಗ ಮಗುವು ಅವರಲ್ಲಿಗೆ ಮರಳಲೂಬಹುದು. 2024ರಲ್ಲಿ ಪರಿಷ್ಕೃತವಾದ ಮಾರ್ಗಸೂಚಿಯು 35ರಿಂದ 60 ವರ್ಷದೊಳಗಿನ ಒಂಟಿ ವ್ಯಕ್ತಿಗಳಿಗೂ ಈ ಸೇವೆಯ ಬಾಗಿಲನ್ನು ತೆರೆದಿದೆ. ಆದರೆ ಒಂಟಿ ಪುರುಷನು ಗಂಡುಮಗುವನ್ನು ಮಾತ್ರವೇ ಪೋಷಿಸಬಹುದು.

ಪೋಷಕತ್ವವು ದತ್ತಕವಲ್ಲ. ಈ ಭೇದವನ್ನರಿಯದೆ ಭಕ್ತರಲ್ಲಿ ಅನೇಕ ತಪ್ಪು ನಿರೀಕ್ಷೆಗಳು ಹುಟ್ಟಿಕೊಂಡಿವೆ. ಧರ್ಮಶಾಸ್ತ್ರಗಳ ದತ್ತಕವಿಧಿಯ ಹಿಂದೆ ಇದ್ದುದು ವಂಶದ ಚಿಂತೆ ಮತ್ತು ಪಿಂಡದ ಚಿಂತೆ. ತನಗೆ ತರ್ಪಣ ಬಿಡಲು ಒಬ್ಬನು ಬೇಕೆಂದು ಪರರ ಮಗನನ್ನು ತನ್ನ ಗೋತ್ರಕ್ಕೆ ತಂದುಕೊಳ್ಳುವುದು ಅದರ ಕ್ರಮ. ಶರಣಧರ್ಮದಲ್ಲಿ ಶ್ರಾದ್ಧವೂ ಇಲ್ಲ, ಪಿಂಡವೂ ಇಲ್ಲ. ಲಿಂಗೈಕ್ಯನಾದವನಿಗೆ ಮಗನು ತುತ್ತಿಡಬೇಕೆಂಬ ಹಂಗು ಇಲ್ಲದಿರುವಾಗ, ಪರರ ಮಗುವನ್ನು ಸಾಕುವ ಭಕ್ತನಿಗೆ ಪಡೆಯಬೇಕಾದ ಫಲವೆಂಬುದು ಯಾವುದೂ ಉಳಿಯುವುದಿಲ್ಲ. ಹೀಗಾಗಿ ಪೋಷಕತ್ವಕ್ಕೆ ಶರಣರ ಮನೆಯಷ್ಟು ತಕ್ಕ ಮನೆ ಮತ್ತೊಂದಿರಲಾರದು.

ಸ್ಮೃತಿಗಳ ಬಹುಭಾಗವು ಶರಣರಿಗೆ ಒಪ್ಪಿಗೆಯಾಗಿಲ್ಲವಾದರೂ ಅಲ್ಲಿಯ ಒಂದು ಶಬ್ದವು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ಋಣಾದಾನವಾದ ಮೇಲೆ ಬರುವುದು ನಿಕ್ಷೇಪ. ಒಬ್ಬನು ನಂಬಿಕೆಯಿಂದ ಒಪ್ಪಿಸಿದ ಒಡವೆಯನ್ನು ಇನ್ನೊಬ್ಬನು ತನ್ನದೆಂಬಂತೆ ಕಾಪಾಡಿ, ಕೇಳಿದಾಗ ತನ್ನದಲ್ಲವೆಂಬಂತೆ ಹಿಂದಿರುಗಿಸುವುದು ಅದರ ತಾತ್ಪರ್ಯ. ಸಾಕುಮಗುವು ನಿಕ್ಷೇಪ. ಒಡವೆಯಾದರೆ ಕೊಟ್ಟಂತೆಯೇ ಹಿಂದಿರುಗಿಸಿದರಾಯಿತು. ಮಗುವನ್ನು ಹಾಗೆ ಹಿಂದಿರುಗಿಸಲು ಬಾರದು, ಬೆಳೆಸಿ ಹಿಂದಿರುಗಿಸಬೇಕು. ತನುಮನಧನಗಳೆಲ್ಲವೂ ಲಿಂಗದ ಒಡವೆ, ತಾನು ಬರಿಯ ಕಾವಲುಗಾರನೆಂದು ದಿನವೂ ನೆನೆಯುವ ಭಕ್ತನಿಗೆ ಈ ಭಾವವನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಹಾಗಾದರೆ ಸಾಕುವವನ ಧರ್ಮವು ಸ್ಪಷ್ಟವಾಯಿತು. ಸುತ್ತಲಿನವರ ಧರ್ಮವೇನು? ಇಲ್ಲಿಯೇ ದಾಸೋಹದ ವಿಚಾರವು ಬರುವುದು. ದಾಸಃ ಅಹಂ ಎಂಬ ಎರಡು ಪದಗಳು ಸಂಧಿಯಾಗಿ ದಾಸೋಹವಾಯಿತು. ದಾನ ಮಾಡುವವನು ಮೇಲೆ ನಿಂತು ಕೊಡುತ್ತಾನೆ, ದಾಸೋಹಿಯು ಕೆಳಗೆ ನಿಂತು ಸಲ್ಲಿಸುತ್ತಾನೆ. ವರ್ಷಕ್ಕೊಮ್ಮೆ ಜಯಂತಿಯ ವೇದಿಕೆಗೆ ಮಗುವನ್ನು ಕರೆತಂದು, ಹೊಸ ಬಟ್ಟೆಯನ್ನು ಕೈಗಿತ್ತು, ಚಿತ್ರ ತೆಗೆಸಿಕೊಳ್ಳುವುದು ದಾನವೆನಿಸೀತು, ದಾಸೋಹವೆನಿಸದು. ಹತ್ತು ಜನರ ಕಣ್ಣಿನಲ್ಲಿ ಆ ಮಗುವಿಗಾಗುವ ಸಂಕೋಚವನ್ನು ಎಣಿಸಿದರೆ ಅದನ್ನು ದಾನವೆನ್ನುವುದೂ ಕಷ್ಟ. ಜಂಗಮಸೇವೆಯಲ್ಲಿ ಉಣ್ಣುವವನನ್ನು ಪ್ರದರ್ಶನಕ್ಕಿಡುವ ಪದ್ಧತಿಯುಂಟೆ?

ಇದನ್ನು ವಿಶದಪಡಿಸಲು ಬೆಜ್ಜಮಹಾದೇವಿಯ ಕಥೆಯಷ್ಟು ಸಮರ್ಪಕವಾದುದು ಬೇರೊಂದಿಲ್ಲ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಹೇಳಿದ ಬಸವಪುರಾಣವನ್ನು ಭೀಮಕವಿಯು 1369ರಲ್ಲಿ ಕನ್ನಡಿಸಿದನು. ಆ ಪುರಾಣಪರಂಪರೆಯ ಶರಣೆಯೀಕೆ. ಎಲ್ಲರಿಗೂ ತಾಯಿಯುಂಟು, ಶಿವನಿಗೆ ತಾಯಿಯಿಲ್ಲವಲ್ಲ ಎಂಬುದು ಅವಳ ದುಃಖ. ಹೆತ್ತವಳೊಬ್ಬಳಿದ್ದಿದ್ದರೆ ಮಗನನ್ನು ಮಸಣದಲ್ಲಿ ಅಲೆಯಲು ಬಿಡುತ್ತಿದ್ದಳೆ, ಹಾವನ್ನು ಕೊರಳಿಗೆ ಸುತ್ತಿಕೊಳ್ಳಲು ಬಿಡುತ್ತಿದ್ದಳೆ, ವಿಷವನ್ನು ಕುಡಿಯಲು ಬಿಡುತ್ತಿದ್ದಳೆ ಎಂದು ಆಕೆ ಮರುಗುತ್ತಾಳೆ. ಲೋಕವು ಯಾವುದನ್ನು ಮಹಿಮೆಯೆಂದು ಹಾಡಿತೋ ಅದನ್ನು ಆಕೆ ಆರೈಕೆಯ ಕೊರತೆಯೆಂದು ಕಂಡಳು. ಬಳಿಕ ತಾನೇ ತಾಯಿಯಾಗಿ ಮೀಯಿಸಿ, ಕಾಡಿಗೆಯಿಟ್ಟು, ಉಣಿಸಿ ಲಾಲಿಸಿದಳು. ಪರೀಕ್ಷಿಸಲೆಂದು ಶಿವನು ಬೇನೆಯನ್ನು ನಟಿಸಿ ಉಣ್ಣದಾದಾಗ, ತನ್ನ ಆರೈಕೆಯಲ್ಲಿಯೇ ಏನೋ ತಪ್ಪಿತೆಂದು ತಳಮಳಿಸಿ ಪ್ರಾಣವನ್ನೇ ಬಿಡಲು ಸಿದ್ಧಳಾದಳು.

ಈ ಕೊನೆಯ ಭಾಗವನ್ನು ಪುರಾಣಶ್ರವಣದಲ್ಲಿ ಭಕ್ತಿಯ ಪರಾಕಾಷ್ಠೆಯೆಂದು ಹೊಗಳಿ ಮುಂದೆ ಹೋಗುವುದು ವಾಡಿಕೆ. ಒಂದು ಗಳಿಗೆ ನಿಂತು ಯೋಚಿಸಬೇಕು. ಹೆತ್ತ ತಾಯಿಯ ಮಗುವು ಜ್ವರದಿಂದ ಮಲಗಿದರೆ ಊರು ಕನಿಕರಪಡುತ್ತದೆ. ಸಾಕುತಾಯಿಯ ಮಗುವು ಮಲಗಿದರೆ ಊರು ಲೆಕ್ಕ ಕೇಳುತ್ತದೆ. ಮಗು ಸೊರಗಿದರೆ ಅನ್ನವಿಡಲಿಲ್ಲವೆಂಬ ಮಾತು. ದುಂಡಗಾದರೆ ಸರ್ಕಾರದ ಹಣಕ್ಕಾಗಿ ಸಾಕುತ್ತಿದ್ದಾಳೆಂಬ ಮಾತು. ಗದರಿದರೆ ಮಲತಾಯಿಯೆಂಬ ಹೆಸರು. ಗದರದಿದ್ದರೆ ಪರರ ಮಗುವನ್ನು ಕೆಡಿಸಿದಳೆಂಬ ದೂರು. ರಾತ್ರಿಯೆಲ್ಲ ಬೆಚ್ಚಿ ಅಳುವ ಮಗುವನ್ನು ಎತ್ತಿಕೊಂಡು ಕುಳಿತವಳಿಗೆ ಬೆಳಗಾದ ಮೇಲೆ ಹೊಲದ ಕೆಲಸ ತಪ್ಪುವುದಿಲ್ಲ. ಅವಳ ತಳಮಳವನ್ನು ಕೇಳಲು ಶಿವನೇ ಪ್ರತ್ಯಕ್ಷನಾಗುವವರೆಗೆ ಓಣಿಯವರು ಕಾಯಬೇಕೆ?

ಮೊದಲನೆಯದಾಗಿ ಬೇಕಾದದ್ದು ತನುವಿನ ದಾಸೋಹ. ಹಣಕ್ಕಿಂತ ಇದೇ ಹೆಚ್ಚು ವಿರಳವೆಂಬುದನ್ನು ಸಾಕುವವರ ಮನೆಯನ್ನು ಹೊಕ್ಕು ನೋಡಿದವರು ಬಲ್ಲರು. ವಾರದಲ್ಲಿ ಎರಡು ಸಂಜೆ ಮಗುವಿನ ಪಾಠವನ್ನು ನೋಡಿಕೊಳ್ಳುವ ಒಬ್ಬ ತರುಣಿ. ಆಸ್ಪತ್ರೆಗೆ ಹೋಗುವ ದಿನ ಅಜ್ಜಿಯ ಜೊತೆಗೆ ಬಸ್ಸು ಹತ್ತುವ ಒಬ್ಬ ನೆರೆಯವ. ಸಾಕುತಾಯಿ ಒಂದು ಹಗಲು ತವರಿಗೆ ಹೋಗಿ ಬರಲೆಂದು ಅಡಿಗೆಯ ಹೊಣೆಯನ್ನು ಹೊರುವ ಒಬ್ಬ ಅಕ್ಕ. ಒಂದು ಓಣಿಯಲ್ಲಿ ಐದು ಮನೆಗಳು ಸರದಿಯಂತೆ ಇಷ್ಟನ್ನು ಹಂಚಿಕೊಂಡರೆ ಯಾರ ಕಾಯಕಕ್ಕೂ ಕುಂದು ಬಾರದು. ಆದರೆ ಮಗುವನ್ನು ನೋಡಿಕೊಳ್ಳಲು ಬರುವವರು ಸಮಿತಿಗೂ ಮನೆಯವರಿಗೂ ಗೊತ್ತಿರತಕ್ಕವರಾಗಿರಬೇಕು. ಉಪಕಾರಿಯ ವೇಷದಲ್ಲಿ ಬಂದು ಮಗುವಿಗೆ ಕೇಡೆಣಿಸುವವರೂ ಲೋಕದಲ್ಲಿದ್ದಾರೆ. ಕಾವಿಯಾಗಲಿ ವಿಭೂತಿಯಾಗಲಿ ಈ ಎಚ್ಚರಕ್ಕೆ ಹೊರತಲ್ಲ. ಅನಾಥ ಮಕ್ಕಳನ್ನಿರಿಸಿಕೊಳ್ಳುವ ಸಂಸ್ಥೆಯು ಮಠದ್ದೇ ಆದರೂ ಕಾಯಿದೆಯಂತೆ ನೋಂದಣಿಯಾಗಿ ಪರಿಶೀಲನೆಗೆ ತೆರೆದಿರತಕ್ಕದ್ದು.

ಧನದ ಮಾತು ಸರಳವಾದುದು. ಮನೆಯಲ್ಲಿ ಅಡಿಗೆಗೆ ಅಕ್ಕಿಯನ್ನಳೆಯುವಾಗ ಒಂದು ಹಿಡಿಯನ್ನು ಬೇರೆ ತೆಗೆದಿಟ್ಟು ಮಠಕ್ಕೆ ಸಲ್ಲಿಸುವ ಪದ್ಧತಿಯನ್ನು ಹಿರಿಯರು ಬಲ್ಲರು. ಸಿದ್ಧಗಂಗೆಯಲ್ಲಿ ಡಾ. ಶಿವಕುಮಾರ ಸ್ವಾಮಿಗಳವರ (1907–2019) ಕಾಲದಲ್ಲಿ ಸುಮಾರು 10,000 ಮಕ್ಕಳು ಉಂಡು ಓದುವಂತಾದದ್ದು ಒಬ್ಬ ಧನಿಕನ ಗಂಟಿನಿಂದಲ್ಲ. ಹಳ್ಳಿಗಳಿಂದ ಬಂದ ರಾಗಿ, ಅಕ್ಕಿ, ಬೇಳೆಗಳ ಮೂಟೆಗಳಿಂದ. ಆ ಹಿಡಿ ಧಾನ್ಯವು ದೂರದ ಮಠಕ್ಕೆ ಹೋಗುವ ದಾರಿಯಲ್ಲಿ ಓಣಿಯ ಸಾಕುಮನೆಯ ಮುಂದೆಯೂ ಒಮ್ಮೆ ನಿಲ್ಲಬಹುದು. ಇದಕ್ಕೆ ಯಾವ ಸ್ವಾಮಿಗಳವರೂ ಬೇಡವೆನ್ನರು. ಸರ್ಕಾರದ ನೆರವನ್ನು ಕೊಡಿಸುವುದೂ ದಾಸೋಹವೇ. ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಂತೆ ಪೋಷಕತ್ವದಲ್ಲಿರುವ ಮಗುವಿಗೆ ತಿಂಗಳಿಗೆ 4,000 ರೂಪಾಯಿಗಳ ನೆರವುಂಟು. ಸ್ವಂತ ಬಂಧುಗಳಲ್ಲಿಯೇ ಬೆಳೆಯುವ ಬಡ ಮಕ್ಕಳಿಗೆ ಪ್ರಾಯೋಜಕತ್ವವೆಂಬ ಹೆಸರಿನಲ್ಲಿ ಅಷ್ಟೇ ನೆರವುಂಟು. ಕುಟುಂಬದ ವಾರ್ಷಿಕ ಆದಾಯವು ಹಳ್ಳಿಗಳಲ್ಲಿ 72,000 ರೂಪಾಯಿಗಳನ್ನೂ ಇತರ ಕಡೆ 96,000 ರೂಪಾಯಿಗಳನ್ನೂ ಮೀರಿರಬಾರದು. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಸಲ್ಲಿಸಬೇಕು. ಓದುಬರಹ ಬಾರದ ಅಜ್ಜಿಗೆ ಆಧಾರ್, ಬ್ಯಾಂಕಿನ ಖಾತೆ, ಮರಣಪತ್ರಗಳನ್ನು ಹೊಂದಿಸಿಕೊಡುವ ಶಾಲಾಮಾಸ್ತರನು ಒಂದು ಚೀಲ ಅಕ್ಕಿಗಿಂತ ಹೆಚ್ಚಿನದನ್ನು ಸಲ್ಲಿಸಿದಂತಾಯಿತು. ಬಂದ ಹಣವು ಮಗುವಿನದು. ಮಾರಯ್ಯನು ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ವಂಶದವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಇನ್ನು ಮಾತಿನ ವಿಷಯ. ತಬ್ಬಲಿ, ಪರದೇಶಿ, ಹೆತ್ತವರನ್ನು ನುಂಗಿಕೊಂಡ ಕೂಸು ಎಂಬ ನುಡಿಗಳು ಜಗುಲಿಯ ಮೇಲೆ ಸಲೀಸಾಗಿ ಬರುತ್ತವೆ. ಮಗುವಿಗೆ ಕೇಳಿಸದೆಂಬ ಭ್ರಮೆ ಬೇಡ. ಅನುಭವಮಂಟಪದ ಶರಣರು ನುಡಿಯನ್ನೇ ಲಿಂಗಕ್ಕೆ ಸಲ್ಲುವ ಪೂಜೆಯೆಂದು ಭಾವಿಸಿದರು. ಅವರ ಹೆಸರನ್ನು ಹೇಳುವ ಮನೆಗಳಲ್ಲಿ ಇಷ್ಟಾದರೂ ನಾಲಗೆಗೆ ಕಡಿವಾಣವಿರಬೇಕು.

ಎಲ್ಲಕ್ಕಿಂತ ಜಟಿಲವಾದ ಪ್ರಶ್ನೆಯೊಂದುಂಟು. ಲಿಂಗವಂತರ ಮನೆಗೆ ಪೋಷಣೆಗಾಗಿ ಬಂದ ಮಗುವು ಬೇರೆ ಮತದ್ದಾದರೆ ಅದಕ್ಕೆ ಲಿಂಗಧಾರಣೆಯನ್ನು ಮಾಡಿಸಬಹುದೆ? ಮಾಡಿಸಲೇಬೇಕೆಂಬುವರೂ ಇದ್ದಾರೆ. ಅವರ ವಾದವು ತೆಗೆದುಹಾಕತಕ್ಕದ್ದಲ್ಲ. ದೀಕ್ಷೆಯು ಜನ್ಮದ ಭೇದವನ್ನು ಅಳಿಸುತ್ತದೆ. ಬಸವಣ್ಣನವರು ಬಂದವರ ಕುಲವನ್ನು ಕೇಳದೆ ಮನೆಯವರೆಂದು ತಿಳಿದರು. ಒಂದೇ ಪಂಕ್ತಿಯಲ್ಲಿ ಕುಳಿತ ಮಕ್ಕಳಲ್ಲಿ ಒಂದರ ಕೊರಳು ಬರಿದಾಗಿದ್ದರೆ ಅದು ಭೇದವಲ್ಲವೆ ಎಂದು ಅವರು ಕೇಳುತ್ತಾರೆ.

ಇದಕ್ಕೆ ಉತ್ತರವು ದೀಕ್ಷಾಶಾಸ್ತ್ರದಲ್ಲಿಯೇ ಇದೆ. ವೇಧಾ, ಮಂತ್ರ, ಕ್ರಿಯೆಗಳೆಂಬ ಮೂರು ದೀಕ್ಷೆಗಳನ್ನು ಪಡೆಯುವವನು ಗುರುವನ್ನರಸಿ ಬಂದವನು. ಅರಸುವ ಶಕ್ತಿಯಿಲ್ಲದ ಶಿಶುವಿಗೆ ಲಿಂಗವನ್ನು ಕಟ್ಟುವುದು ಹೇಗೆ ನ್ಯಾಯವೆಂದರೆ, ಗರ್ಭವು ಎಂಟು ತಿಂಗಳಾದಾಗಲೇ ತಾಯಿಯು ಶಿಶುವಿನ ಪರವಾಗಿ ಲಿಂಗವನ್ನು ಪಡೆಯುವ ಸಂಸ್ಕಾರವುಂಟು. ಅದು ಹೆತ್ತವರ ಅಧಿಕಾರ. ನಿಕ್ಷೇಪವನ್ನು ಕಾಯುವವನಿಗೆ ಆ ಅಧಿಕಾರವಿಲ್ಲ. ಮಗುವಿನ ಹೆಸರು, ಮಾತೃಭಾಷೆ, ಹೆತ್ತವರ ದೇವರು, ಇವೆಲ್ಲವೂ ಒಪ್ಪಿಸಿದ ಗಂಟಿನೊಳಗಣ ಒಡವೆಗಳೇ. ತಾಯಿ ಗುಣಮುಖಳಾಗಿ ಬಂದು ಮಗುವನ್ನು ಕೇಳಿದಾಗ ಹೆಸರನ್ನು ಬದಲಿಸಿ ಕೊಡುವುದು ನಂಬಿಕೆಗೆ ದ್ರೋಹವಾದೀತು. ಕುಲವನ್ನು ಕೇಳಬಾರದೆಂದರೆ ಕುಲವನ್ನು ಕಿತ್ತುಕೊಳ್ಳಬಹುದೆಂದು ಅರ್ಥವಲ್ಲ.

ಹಾಗೆಂದು ಮಗುವನ್ನು ಪೂಜೆಯ ಕೋಣೆಯ ಹೊರಗೆ ನಿಲ್ಲಿಸುವುದು ಸಲ್ಲದು. ಕುಳಿತು ನೋಡಲಿ, ವಚನಗಳನ್ನು ಹಾಡಲಿ, ಪ್ರಸಾದವನ್ನು ಸ್ವೀಕರಿಸಲಿ. ತನ್ನ ಹೆತ್ತವರ ಹಬ್ಬದ ದಿನ ಅದಕ್ಕೊಂದು ಸಿಹಿಯಡಿಗೆಯಾಗಲಿ. ಪ್ರಾಪ್ತವಯಸ್ಕನಾದ ಮೇಲೆ ತಾನಾಗಿ ದೀಕ್ಷೆಯನ್ನು ಬೇಡಿದರೆ ಆಗ ಗುರುವಿನ ಬಾಗಿಲು ತೆರೆದೇ ಇರುತ್ತದೆ. ಮಾಂಸಾಹಾರದ ಮನೆಯಿಂದ ಬಂದ ಮಗುವು ಮೊದಮೊದಲು ಊಟಕ್ಕಾಗಿ ಹಟಮಾಡುವುದು ಸಹಜ. ಅದನ್ನು ಮೈಲಿಗೆಯೆಂದು ಹಳಿದರೆ ಮಗುವು ತನ್ನ ತಾಯಿಯನ್ನೇ ಹಳಿದಂತೆ ತಿಳಿಯುತ್ತದೆ. ಲಿಂಗವಂತರ ಮಗುವು ಬೇರೆ ಮತದವರ ಮನೆಯಲ್ಲಿ ಬೆಳೆಯುವ ಪ್ರಸಂಗ ಬಂದಾಗ ಈ ಭಕ್ತರು ಆ ಮನೆಯಿಂದ ಯಾವ ನಡತೆಯನ್ನು ಬಯಸುತ್ತಾರೋ ಅದೇ ನಡತೆಯನ್ನು ತಾವೂ ಸಲ್ಲಿಸತಕ್ಕದ್ದು.

ಮತ್ತೊಂದು ಎಚ್ಚರ. ಹೆತ್ತವರಿಂದ ಅಗಲಿದ, ನೋಡಿಕೊಳ್ಳುವವರಿಲ್ಲದ ಮಗುವೊಂದು ಸಿಕ್ಕಿತೆಂದು ಕನಿಕರದಿಂದ ಮನೆಯಲ್ಲಿಯೇ ಇರಿಸಿಕೊಳ್ಳುವುದು ಕಾಯಿದೆಗೆ ವಿರುದ್ಧ. ಪ್ರಯಾಣದ ವೇಳೆಯನ್ನು ಬಿಟ್ಟು 24 ಗಂಟೆಗಳೊಳಗೆ ವರ್ತಮಾನವನ್ನು ಕೊಡಬೇಕು. 1098ಕ್ಕೆ ದೂರವಾಣಿ ಮಾಡಬಹುದು, ಪೊಲೀಸರಿಗಾಗಲಿ ಸಮಿತಿಗಾಗಲಿ ತಿಳಿಸಬಹುದು. ಕಳೆದುಹೋದ ಮಗುವನ್ನು ಎಲ್ಲಿಯೋ ಒಬ್ಬ ತಾಯಿ ಹುಡುಕುತ್ತಿರಬಹುದಲ್ಲವೆ?

ಇಷ್ಟೆಲ್ಲವನ್ನೂ ನಡೆಸಿದ ಮೇಲೂ ಒಂದು ದಿನ ಬರುತ್ತದೆ. ತಂದೆ ಕುಡಿತವನ್ನು ಬಿಟ್ಟಿದ್ದಾನೆ, ಅಥವಾ ತಾಯಿ ಆಸ್ಪತ್ರೆಯಿಂದ ಬಂದಿದ್ದಾಳೆ; ಸಮಿತಿಯು ವಿಚಾರಿಸಿ ಮಗುವನ್ನು ಕಳುಹಿಸಲು ಆಜ್ಞೆ ಮಾಡಿದೆ. ಎಲ್ಲರಿಗೂ ಸಂತೋಷ. ಮೂರು ವರ್ಷ ತಲೆ ಬಾಚಿ ಬುತ್ತಿ ಕಟ್ಟಿದವಳು ಮಾತ್ರ ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ನಿಲ್ಲುತ್ತಾಳೆ. ಸತ್ತವರಿಗಾಗಿ ಅಳುವವರ ಮನೆಗೆ ಊರೆಲ್ಲ ಬರುತ್ತದೆ. ಈ ಅಳುವಿಗೆ ಹೆಸರಿಲ್ಲ, ಆದ್ದರಿಂದ ಯಾರೂ ಬರುವುದಿಲ್ಲ. ನಿನ್ನ ಮಗುವಲ್ಲವಲ್ಲ, ಇಷ್ಟೇಕೆ ಹಚ್ಚಿಕೊಂಡೆ ಎಂದು ಕೇಳುವವರಿದ್ದಾರೆ. ಹಚ್ಚಿಕೊಳ್ಳದೆ ಸಾಕಲು ಬರುವುದಿಲ್ಲವೆಂಬುದೇ ಅದಕ್ಕೆ ಉತ್ತರ.

ಆ ದಿನ ಓಣಿಯವರು ಮಾಡಬಹುದಾದದ್ದು ದೊಡ್ಡದೇನಲ್ಲ. ಮಗುವು ಹೊರಡುವ ಹೊತ್ತಿಗೆ ನಾಲ್ಕು ಮನೆಗಳವರು ಬಂದು ಬೀಳ್ಕೊಡಲಿ. ಮಗುವಿನ ಪುಸ್ತಕ, ಗೊಂಬೆ, ಶಾಲೆಯ ಚೀಟಿಗಳ ಜೊತೆಗೆ ಈ ಮನೆಯವರ ವಿಳಾಸವೂ ಒಂದು ಚಿತ್ರವೂ ಗಂಟಿನಲ್ಲಿರಲಿ. ಹೆತ್ತ ತಾಯಿಗೆ ಯಾವ ಮಾತೂ ಚುಚ್ಚದಿರಲಿ. ಅವಳೂ ನೆರವಿನ ಕೈಯನ್ನು ಬಯಸುವವಳೇ, ಅವಳ ಊರಿನ ಭಕ್ತರಿಗೆ ಒಂದು ಸುದ್ದಿಯನ್ನು ಮುಟ್ಟಿಸಬಹುದು. ಸಂಜೆಯ ದೀಪ ಹಚ್ಚುವ ವೇಳೆಗೆ ಒಬ್ಬ ಹಿರಿಯಳು ಆ ಮನೆಗೆ ಹೋಗಿ, ಏನೂ ಉಪದೇಶಿಸದೆ ಕುಳಿತು, ಊಟವಾಗುವವರೆಗೂ ಇದ್ದು ಬರಲಿ. ಸಮಿತಿಯವರು ಮತ್ತೊಂದು ಮಗುವನ್ನು ಸಾಕುವಿರಾ ಎಂದು ಕೇಳಲು ಬಂದಾಗ, ಇನ್ನೆರಡು ತಿಂಗಳು ಬಿಟ್ಟು ಬನ್ನಿರೆಂದು ಅವಳ ಪರವಾಗಿ ಹೇಳುವ ನೆರೆಯವರೂ ಇರಲಿ.